ಅಕ್ಕಿಯಲ್ಲಿ ಕಲ್ಲು, ಕ್ಯಾಂಪರಿನಲ್ಲಿ ನೀರು

ಕಳೆದ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ. ಮಿಶಿಗನ್ನಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಪರಿಚಯವೇ ಇಲ್ಲದ ಒಬ್ಬರ ಹಿತ್ತಿಲಲ್ಲಿ, ಒಂದು ಹಳೆಯ ಪಾಪ್-ಅಪ್ ಕ್ಯಾಂಪರಿನೊಳಗೆ ಮಂಡಿಯೂರಿ ಕೂತು ನೆಲದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಲಿನೋಲಿಯಂ ಹಾಳೆಯ ಕೆಳಗೆ ಹಲಗೆ ಇರಬೇಕಾದ ಕಡೆ ನೆನೆದ ಬ್ರೆಡ್ಡಿನಂಥದ್ದೇನೋ ಸಿಕ್ಕಿತು. ಬೆರಳು ಸಲೀಸಾಗಿ ಒಳಗೆ ಹೋಯಿತು. ಮಾಲೀಕರು ಬಾಗಿಲಲ್ಲಿ ನಿಂತು, "ತುಂಬಾ ಚೆನ್ನಾಗಿ ಇಟ್ಟುಕೊಂಡಿದ್ದೇವೆ" ಎನ್ನುತ್ತಿದ್ದರು. ನಾನು ಬೆರಳು ಹೊರಗೆ ತೆಗೆದು, ಥ್ಯಾಂಕ್ಸ್ ಹೇಳಿ, ಕಾರು ಹತ್ತಿ ಬಂದೆ.

ಈ ವಸ್ತುವನ್ನು ಕಂಡಿರದವರಿಗೆ ಸ್ವಲ್ಪ ಹೇಳಬೇಕು. ಮಡಚಿದಾಗ ಪಾಪ್-ಅಪ್ ಕ್ಯಾಂಪರ್ ಎದೆಮಟ್ಟದ ಒಂದು ಪೆಟ್ಟಿಗೆ, ಕೆಳಗೆ ಎರಡು ಚಕ್ರ. ಅದನ್ನು ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬಹುದು. ಕಾಡಿನಲ್ಲೋ ಕೆರೆದಂಡೆಯಲ್ಲೋ ನಿಲ್ಲಿಸಿ ಮುಂಭಾಗದ ಹಿಡಿಕೆ ತಿರುಗಿಸಿದರೆ, ಉಕ್ಕಿನ ತಂತಿ ರಾಟೆಗಳ ಮೇಲೆ ಓಡಿ ನಾಲ್ಕು ಮೂಲೆಯ ಕಂಬಗಳು ಮೇಲೇಳುತ್ತವೆ, ಜೊತೆಗೆ ಛಾವಣಿಯೂ. ಎರಡೂ ತುದಿಗಳಿಂದ ಹಾಸಿಗೆಗಳು ಮೇಜಿನ ಡ್ರಾಯರಿನಂತೆ ಹೊರಗೆ ಬರುತ್ತವೆ. ಗೋಡೆಯೆಲ್ಲ ಕ್ಯಾನ್ವಾಸು. ಒಳಗೆ ಗ್ಯಾಸ್ ಒಲೆ, ಪುಟ್ಟ ಸಿಂಕು, ಕೂರಲು ಬೆಂಚು. ಅರ್ಧ ಡೇರೆ, ಅರ್ಧ ಮನೆ. ಗಟ್ಟಿ ಗೋಡೆಯ ಟ್ರೇಲರ್ ಎಳೆಯಲು ದೊಡ್ಡ ಟ್ರಕ್ಕು ಬೇಕಾದೀತು. ಇದಕ್ಕೆ ನನ್ನ ಕಾರೇ ಸಾಕು.

ಬೇಸಿಗೆಯಲ್ಲಿ ಅಪ್ಪ ಅಮ್ಮ ದೊಡ್ಡಬಳ್ಳಾಪುರದ ಹತ್ತಿರದ ನಮ್ಮೂರಿನಿಂದ ಮೊದಲ ಸಲ ಬರುವವರಿದ್ದರು. ಆರು ವಾರ. ಮೋಟೆಲುಗಳಲ್ಲಿ ಇಳಿದುಕೊಂಡು ಊರೂರು ತೋರಿಸಲು ಸಂಶೋಧನಾ ವಿದ್ಯಾರ್ಥಿಯ ಸ್ಟೈಪೆಂಡು ಸಾಲದು. ಡೇರೆ ಹಾಕಿ ನೆಲದ ಮೇಲೆ ಮಲಗಿಸೋಣವೆಂದರೆ ಅಮ್ಮನ ಮಂಡಿ ಕೇಳದು. ಮೂರು ವರ್ಷ ಕೂಡಿಟ್ಟ 6,000 ಡಾಲರ್ ನನ್ನ ಬಳಿ ಇತ್ತು. ಅದು ಖರ್ಚಾದರೆ ಮತ್ತೆ ಕೂಡಿಡಲು ನನ್ನ ಫೆಲೋಶಿಪ್ಪಿನ ಅವಧಿಯೂ ಉಳಿದಿರಲಿಲ್ಲ.

ತಮಾಷೆಯೆಂದರೆ, ನಾನು ಇಲ್ಲಿ ಪಿಎಚ್.ಡಿ. ಮಾಡುತ್ತಿರುವುದೇ ಇಪ್ಪತ್ತನೇ ಶತಮಾನದ ಅಮೆರಿಕದಲ್ಲಿ ಬಳಸಿದ ವಸ್ತುಗಳ ಮಾರುಕಟ್ಟೆ ಬೆಳೆದ ಚರಿತ್ರೆಯ ಮೇಲೆ. ಐದು ವರ್ಷ ಅದನ್ನೇ ಓದಿದವಳು ಹೊಸದು ತಗೊಳ್ಳಲೋ ಹಳೆಯದು ತಗೊಳ್ಳಲೋ ಎಂದು ಎರಡು ತಿಂಗಳು ಒದ್ದಾಡಿದೆ.

ಹೊಸದನ್ನೂ ನೋಡಿ ಬಂದಿದ್ದೆ. ಷೋರೂಮಿನಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. 17,000 ಡಾಲರ್. ಮಾರಾಟಗಾರ ಒಟ್ಟು ಬೆಲೆಯ ಮಾತು ಎತ್ತಲೇ ಇಲ್ಲ, ತಿಂಗಳ ಕಂತಿನ ಲೆಕ್ಕ ಮಾತ್ರ ಹೇಳಿದ. ಹತ್ತು ವರ್ಷದ ಸಾಲ, ಒಂದು ವರ್ಷದ ವಾರಂಟಿ. ಮಿಕ್ಕ ಒಂಬತ್ತು ವರ್ಷದ ಕಥೆ ಕೇಳಿದ್ದಕ್ಕೆ ಮತ್ತೊಂದು ಕರಪತ್ರ ಕೊಟ್ಟ.

ಕರಪತ್ರ ನನಗೆ ಹೊಸದಲ್ಲ. ಈ ರಾಜ್ಯದಲ್ಲೇ ಸ್ಯಾಗಿನಾ, ಬೇ ಸಿಟಿಯಂಥ ಊರುಗಳಲ್ಲಿ 1920ರ ಸುಮಾರಿಗೆ ಮಡಚುವ ಡೇರೆ-ಟ್ರೇಲರುಗಳನ್ನು ಮಾಡಿ ಮಾರುವ ಕಂಪನಿಗಳಿದ್ದವು. ಫೋರ್ಡಿನ ಮಾಡೆಲ್ ಟಿ ಕಾರು 1908ರಲ್ಲಿ ಬಂದು, ಮುಂದಿನ ಹದಿನೈದು ವರ್ಷಗಳಲ್ಲಿ ರೈತರ, ಕಾರ್ಮಿಕರ ಕೈಗೂ ಎಟಕುವಂತಾದ ಮೇಲೆ ಜನ ರಸ್ತೆಗಿಳಿದರು. ಹೋಟೆಲಿಗೆ ದುಡ್ಡಿಲ್ಲ, ಆದರೆ ಕಾರಿದೆ. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಇಂಥವರೇ ಸೇರಿ ಟಿನ್ ಕ್ಯಾನ್ ಟೂರಿಸ್ಟ್ಸ್ ಎಂಬ ಸಂಘ ಕಟ್ಟಿದರು. ಒಬ್ಬರನ್ನೊಬ್ಬರು ಗುರುತಿಸಲು ರೇಡಿಯೇಟರ್ ಮುಚ್ಚಳಕ್ಕೆ ಒಂದು ತಗಡಿನ ಡಬ್ಬ ಬೆಸೆದುಕೊಳ್ಳುತ್ತಿದ್ದರು. ಊರೂರಿನ ಪುರಸಭೆಗಳು ಮೊದಮೊದಲು ಇವರಿಗೆ ಬಿಟ್ಟಿ ಬಿಡಾರದ ಜಾಗ ಕೊಟ್ಟವು. ಬಂದವರು ಅಂಗಡಿಗಳಲ್ಲಿ ಸಾಮಾನು ಕೊಳ್ಳುತ್ತಾರೆಂಬ ಆಸೆ. ತೀರಾ ಬಡವರು, ಕೆಲಸ ಹುಡುಕುತ್ತ ಅಲೆಯುವವರು ಬಂದು ವಾರಗಟ್ಟಲೆ ತಂಗಲು ಶುರುಮಾಡಿದಾಗ ಅದೇ ಪುರಸಭೆಗಳು 1920ರ ದಶಕದ ನಡುವಿನ ಹೊತ್ತಿಗೆ ಶುಲ್ಕ ವಿಧಿಸಿದವು. ಯಾರನ್ನು ಹೊರಗಿಡಬೇಕಿತ್ತೋ ಅವರನ್ನು ಆ ಸಣ್ಣ ಶುಲ್ಕವೇ ಹೊರಗಿಟ್ಟಿತು.

ಹೊಸದು ಕೊಳ್ಳುವವರು ನೆನಪಿಡಬೇಕಾದ ಕಥೆಯೊಂದು ಈ ಚರಿತ್ರೆಯ ಆರಂಭದಲ್ಲೇ ಇದೆ. ಡೆಟ್ರಾಯಿಟಿನ ಆರ್ಥರ್ ಶೆರ್ಮನ್ ಬ್ಯಾಕ್ಟೀರಿಯಾ ತಜ್ಞರು, ಔಷಧ ಕಂಪನಿಯ ಮುಖ್ಯಸ್ಥರು. 1920ರ ದಶಕದ ಕೊನೆಗೆ ಅವರು ಒಂದು ಹೊಚ್ಚಹೊಸ ಡೇರೆ-ಟ್ರೇಲರ್ ಕೊಂಡು ಸಂಸಾರದೊಂದಿಗೆ ರಜೆಗೆ ಹೊರಟರು. ಕೆಲವೇ ನಿಮಿಷದಲ್ಲಿ ಬಿಚ್ಚಿ ನಿಲ್ಲಿಸಬಹುದೆಂದು ಜಾಹೀರಾತು ಹೇಳಿತ್ತು. ಮಳೆ ಬಂತು. ಆ ಮಳೆಯಲ್ಲಿ ಕ್ಯಾನ್ವಾಸಿನೊಂದಿಗೆ ಗುದ್ದಾಡಿ, ಎಲ್ಲರೂ ತೊಪ್ಪೆಯಾಗಿ ಮನೆಗೆ ಬಂದ ಮೇಲೆ ಶೆರ್ಮನ್ ಗಟ್ಟಿ ಗೋಡೆಯ ಪೆಟ್ಟಿಗೆಯೊಂದನ್ನು ತಾವೇ ಮಾಡಿಸಿದರು. ಮಕ್ಕಳು ಅದಕ್ಕೆ ಕವರ್ಡ್ ವ್ಯಾಗನ್ ಎಂದು ಹೆಸರಿಟ್ಟರಂತೆ. ಅದೇ ಹೆಸರಿನ ಕಂಪನಿ 1930ರ ದಶಕದ ನಡುವಿಗೆ ದೇಶದ ಅತಿ ದೊಡ್ಡ ಟ್ರೇಲರ್ ಕಂಪನಿಯಾಯಿತು. ಅಮೆರಿಕದ ಟ್ರೇಲರ್ ಉದ್ಯಮ ಒಬ್ಬ ಗಿರಾಕಿಯ ಸಿಟ್ಟಿಗೂ ಅಷ್ಟಿಷ್ಟು ಋಣಿ. ಆ ಗಿರಾಕಿ ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಅಲ್ಲ.

ಶೆರ್ಮನ್ ಥರದವರು ಗಟ್ಟಿ ಗೋಡೆಗೆ ಹೋದರೂ ಮಡಚುವ ಟ್ರೇಲರ್ ಸಾಯಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಮಕ್ಕಳೊಂದಿಗೆ ರಾಷ್ಟ್ರೀಯ ಉದ್ಯಾನಗಳಿಗೆ ಹೊರಟ ಸಾಧಾರಣ ಸಂಸಾರಗಳಿಗೆ ಅದು ಮತ್ತೆ ಬೇಕಾಯಿತು. ಮಿಶಿಗನ್ನಿನ ಲಪೀರ್ ಊರಿನ ಅಪಾಚೆ ಕ್ಯಾಂಪರುಗಳು, ಲಾಟೀನಿಗೆ ಒಲೆಗೆ ಹೆಸರಾದ ಕೋಲ್‌ಮನ್ ಕಂಪನಿ 1967ರಲ್ಲಿ ಹೊರತಂದ ಕ್ಯಾಂಪರುಗಳು ಆ ಕಾಲದವು. ಇವುಗಳ ಕರಪತ್ರಗಳನ್ನು ನಾನು ಡಬ್ಬಗಟ್ಟಲೆ ತಿರುವಿ ಹಾಕಿದ್ದೇನೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಚಿತ್ರ: ಕೆರೆ, ದೇವದಾರು ಮರ, ಅಪ್ಪ ಮೀನು ಸುಡುತ್ತಿದ್ದಾನೆ, ಅಮ್ಮ ಇಸ್ತ್ರಿ ಮಾಡಿದ ಉಡುಪಿನಲ್ಲಿ ನಗುತ್ತಿದ್ದಾಳೆ, ಇಬ್ಬರು ಮಕ್ಕಳು. ಎಲ್ಲರೂ ಬಿಳಿಯರು. ವರ್ಜೀನಿಯಾದ ಶೆನಾಂಡೋವ ರಾಷ್ಟ್ರೀಯ ಉದ್ಯಾನದಲ್ಲಿ ಕಪ್ಪುಜನರಿಗೆಂದೇ ಲೂಯಿಸ್ ಮೌಂಟನ್ ಎಂಬ ಬೇರೆ ಬಿಡಾರ 1939ರಲ್ಲಿ ತೆರೆದಿತ್ತು ಎಂಬ ಸಂಗತಿ ಕರಪತ್ರ ಓದಿದವರಿಗೆ ತಿಳಿಯುವುದಿಲ್ಲ. ಈ ಚಿತ್ರಗಳಲ್ಲಿ ಮಳೆಯೂ ಬರುವುದಿಲ್ಲ.

ನಮ್ಮ ರಾಜ್ಯದ ಗಡಿಯಾಚೆ ಇಂಡಿಯಾನಾದ ಎಲ್ಕ್‌ಹಾರ್ಟ್ ಇದೆ. ಅಮೆರಿಕದ ಇಂಥ ಮನೆಗಾಡಿಗಳಲ್ಲಿ ಬಹುಪಾಲು ಆ ಊರಿನ ಸುತ್ತಮುತ್ತ ತಯಾರಾಗುತ್ತವೆ. ಪಕ್ಕದ ಮಿಡಲ್‌ಬರಿಯಲ್ಲಿ ಲಾಯ್ಡ್ ಬಾಂಟ್ರೆಗರ್ ಎಂಬುವರು ಛಾವಣಿ ಎತ್ತುವ ಹೊಸ ಯಂತ್ರವಿನ್ಯಾಸವೊಂದನ್ನು ಮಾಡಿಕೊಂಡು, ತಮ್ಮ ಜಮೀನಿನ ಕೋಳಿ ಶೆಡ್ಡಿನಲ್ಲಿ 1968ರಲ್ಲಿ ಜೇಕೋ ಕಂಪನಿ ಶುರುಮಾಡಿದರು. ಆ ಪ್ರದೇಶದ ಕಾರ್ಖಾನೆಗಳಲ್ಲಿ ಆಮಿಶ್ ಸಮುದಾಯದವರು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಾರೆ. ಧರ್ಮದ ಕಟ್ಟಳೆಯಂತೆ ಕಾರು ಇಟ್ಟುಕೊಳ್ಳದ ಜನ. ಕುದುರೆಗಾಡಿಯಲ್ಲೋ ಸೈಕಲ್ಲಿನಲ್ಲೋ ಓಡಾಡುವವರು. ಒಮ್ಮೆ ದಾಖಲೆ ನೋಡಲು ಆ ಕಡೆ ಹೋದಾಗ ಕಾರ್ಖಾನೆಯ ಹೊರಗೆ ಸಾಲು ಸಾಲು ಸೈಕಲ್ ನಿಂತಿದ್ದು ಕಂಡೆ. ಒಳಗೆ ತಯಾರಾಗುತ್ತಿದ್ದದ್ದು ಅವರು ಎಂದೂ ಎಳೆದುಕೊಂಡು ಹೋಗದ ಗಾಡಿಗಳು.

ಆ ಊರಿನ ಹಣೆಬರಹ ಪೆಟ್ರೋಲಿನ ಮೇಲೆ, ಬ್ಯಾಂಕಿನ ಸಾಲದ ಮೇಲೆ ನಿಂತಿದೆ. 1973ರ ತೈಲ ಬಿಕ್ಕಟ್ಟಿನಲ್ಲಿ ಕಾರ್ಖಾನೆಗಳು ಮುಚ್ಚಿದವು. 2009ರ ಹೊತ್ತಿಗೆ ಎಲ್ಕ್‌ಹಾರ್ಟ್ ಕೌಂಟಿಯ ನಿರುದ್ಯೋಗ ಶೇ 20ರ ಹತ್ತಿರ ಬಂದಿತ್ತು. ಅಧ್ಯಕ್ಷರಾದ ಕೆಲವೇ ವಾರಗಳಲ್ಲಿ ಒಬಾಮ ಅಲ್ಲಿಗೆ ಹೋಗಿ ಮಾತಾಡಿದರು. ಅದೇ ವರ್ಷದ ಮಾರ್ಚಿನಲ್ಲಿ ಫ್ಲೀಟ್‌ವುಡ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೋಲ್‌ಮನ್ನಿನ ಮಡಚುವ ಕ್ಯಾಂಪರ್ ವ್ಯವಹಾರವನ್ನು 1989ರಲ್ಲಿ ಕೊಂಡಿದ್ದು ಇದೇ ಫ್ಲೀಟ್‌ವುಡ್. ಅದರ ಕ್ಯಾಂಪರನ್ನು ಹಿಂದಿನ ವರ್ಷವಷ್ಟೇ ಹೊಸದಾಗಿ ಕೊಂಡವರ ಕೈಯಲ್ಲಿದ್ದ ವಾರಂಟಿ ಕಾಗದವನ್ನು ನೆನೆಸಿಕೊಂಡೆ. ಹೊಸದು ಕೊಳ್ಳುವವರು ವಸ್ತುವಿನ ಜೊತೆಗೆ ಒಂದು ಮಾತನ್ನೂ ಕೊಂಡಿರುತ್ತಾರೆ. ಮಾತು ಕೊಟ್ಟವರು ಆರೋಗ್ಯವಾಗಿ ಬದುಕಿರಬೇಕು.

ಹಾಗಾದರೆ ಹಳೆಯದು? ಇಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಆಕರ್ಲಾಫ್ ಅವರನ್ನು ಕರೆಯಲೇಬೇಕು. ನನ್ನ ಪ್ರಬಂಧದ ಮೊದಲ ಅಧ್ಯಾಯವೇ ಅವರಿಂದ ಶುರುವಾಗುತ್ತದೆ. ಕೆಟ್ಟ ಕಾರಿಗೆ ಅಮೆರಿಕದ ಆಡುಮಾತಿನಲ್ಲಿ ಲೆಮನ್ ಎನ್ನುತ್ತಾರೆ. ನಮ್ಮಲ್ಲಿ ಹೊಸ ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ, ಅವರಲ್ಲಿ ಗಾಡಿಯೇ ನಿಂಬೆಹಣ್ಣು. ಆಕರ್ಲಾಫ್ 1970ರಲ್ಲಿ ಪ್ರಕಟಿಸಿದ, ಲೆಮನ್ನುಗಳ ಮಾರುಕಟ್ಟೆ ಕುರಿತ ಪುಟ್ಟ ಲೇಖನದ ತಿರುಳು ಇಷ್ಟು: ಹಳೆಯ ಕಾರಿನ ನಿಜ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೆಟ್ಟದ್ದಿರಬಹುದೆಂಬ ಭಯಕ್ಕೆ ಕೊಳ್ಳುವವನು ಬೆಲೆ ಇಳಿಸಿ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಸಂತೆಯಲ್ಲಿ ಕೆಟ್ಟವೇ ಉಳಿಯುತ್ತವೆ, ಬೆಲೆ ಇನ್ನೂ ಇಳಿಯುತ್ತದೆ.

ಅವರು ಈ ಲೇಖನವನ್ನು ಪತ್ರಿಕೆಗೆ ಕಳಿಸಿ 1967-68ರ ವರ್ಷವನ್ನು ಭಾರತದಲ್ಲಿ ಕಳೆದರು. ಮೊದಲ ತಿರಸ್ಕಾರ ಪತ್ರ ಕೈಸೇರಿದ್ದು ಇಲ್ಲಿದ್ದಾಗಲೇ. ಇಂಥ ಕ್ಷುಲ್ಲಕ ವಿಷಯದ ಲೇಖನ ಹಾಕುವುದಿಲ್ಲ ಎಂಬ ಕಾರಣ ಕೊಟ್ಟಿದ್ದರಂತೆ. ಒಟ್ಟು ಮೂರು ಪತ್ರಿಕೆಗಳು ತಿರಸ್ಕರಿಸಿದವು, ನಾಲ್ಕನೆಯದು ಪ್ರಕಟಿಸಿತು. 2001ರಲ್ಲಿ ಆಕರ್ಲಾಫ್ ಅವರಿಗೆ ನೊಬೆಲ್ ಬಂತು. ನನ್ನ ಯಾವುದಾದರೂ ಲೇಖನ ವಾಪಸು ಬಂದಾಗ ಈ ಕಥೆ ನೆನೆಸಿಕೊಳ್ಳುತ್ತೇನೆ.

ಅದೇ ಲೇಖನದಲ್ಲಿ ಭಾರತದ ಗೃಹಿಣಿಯೂ ಬರುತ್ತಾಳೆ. ಸಂತೆಯ ಅಕ್ಕಿಗೆ ಅದೇ ಬಣ್ಣದ, ಅದೇ ಆಕಾರದ ಕಲ್ಲನ್ನು ಬೇಕೆಂದೇ ಬೆರೆಸಿರುತ್ತಾರೆ, ಅವಳು ಕೂತು ಆರಿಸಬೇಕು, ಅಮೆರಿಕದ ಸೂಪರ್ ಮಾರ್ಕೆಟ್ಟಿನ ಡಬ್ಬಿಗಳಿಗೆ ಹೋಲಿಸಿದರೆ ಗುಣಮಟ್ಟದ ಏರುಪೇರು ಪೂರ್ವದೇಶಗಳಲ್ಲೇ ದೊಡ್ಡ ಸಮಸ್ಯೆಯೆಂದು ತೋರುತ್ತದೆ ಎಂಬರ್ಥದ ಮಾತು. ಮೊದಲ ಸಲ ಓದಿದಾಗ ಕಿರಿಕಿರಿಯಾಗಿತ್ತು. ಮಾತು ಸುಳ್ಳಲ್ಲ. ನಮ್ಮನೆಯಲ್ಲಿ ಅಮ್ಮ ಮೊರ ಹಿಡಿದು ಕೂತರೆ ಅಕ್ಕಿ ಕೇರುವ ಸದ್ದಿಗೇ ನಾನು ಓದಿಕೊಂಡವಳು. ಆದರೆ ಕಲ್ಲು ಆರಿಸುವುದು ಕೊರತೆಯ ಗುರುತಾಗಿ ಮಾತ್ರ ಆ ಲೇಖನದಲ್ಲಿದೆ. ಅದೊಂದು ವಿದ್ಯೆ ಎಂಬುದು ನನಗೆ ಹೊಳೆದದ್ದು ಆ ಮಾರ್ಚಿನ ಭಾನುವಾರ, ಹೆಬ್ಬೆರಳು ಹಲಗೆಯೊಳಗೆ ಹೋದಾಗ.

ಅದಕ್ಕೂ ಹಿಂದಿನ ರಾತ್ರಿ ಅಮ್ಮನಿಗೆ ವಿಡಿಯೊ ಕರೆ ಮಾಡಿ ಕ್ಯಾಂಪರಿನ ಫೋಟೊ ತೋರಿಸಿದ್ದೆ. "ಫೋಟೊ ಏನ್ ನೋಡೋದು? ಒಳಗೆ ಹೋಗಿ ಬಾಗ್ಲು ಹಾಕ್ಕೊಂಡು ವಾಸನೆ ನೋಡು. ಮುಗ್ಗಲು ವಾಸನೆ ಬಂದ್ರೆ ಬಿಟ್ಟಾಕು" ಎಂದಿದ್ದಳು. ಅಪ್ಪ ಹಿಂದಿನಿಂದ, "ಘಾಟಿ ಜಾತ್ರೇಲಿ ನಿಮ್ಮ ತಾತ ಎತ್ತು ತರೋವಾಗ ಮೊದ್ಲು ಹಲ್ಲು ಹಿಡೀತಿದ್ರು, ಆಮೇಲೆ ಸುಳಿ ನೋಡೋರು, ಆಮೇಲೆ ನಡೆಸಿ ನೋಡೋರು ಕಣಮ್ಮ. ಮಾತು ಕಡೇಗೆ. ಅದೂ ಟವೆಲ್ ಕೆಳಗೆ ಬೆರಳಲ್ಲಿ" ಎಂದರು. ಅಮೆರಿಕದ ಚರಿತ್ರಕಾರ ಸ್ಟೀವನ್ ಗೆಲ್ಬರ್ ಇಡೀ ಒಂದು ಪುಸ್ತಕದಲ್ಲಿ ವಾದಿಸಿದ್ದೂ ಇದರ ಹತ್ತಿರದ ಮಾತೇ: ಮಿಕ್ಕೆಲ್ಲ ವಸ್ತುಗಳಿಗೆ ನಿಗದಿತ ಬೆಲೆಯ ಚೀಟಿ ಬಂದ ಮೇಲೂ ಕಾರಿನ ವ್ಯಾಪಾರದಲ್ಲಿ ಚೌಕಾಸಿ, ಗುಟ್ಟು, ಮೋಸ ಉಳಿದಿದ್ದು ಕುದುರೆ ವ್ಯಾಪಾರದ ಪಳೆಯುಳಿಕೆಯಾಗಿ.

ಕುದುರೆ ಹೋಗಿ ಕಾರು ಬಂದ ಮೇಲೆ ಹಲ್ಲು ಹಿಡಿದು ನೋಡುವ ಕೆಲಸವನ್ನು ಕಾನೂನು ವಹಿಸಿಕೊಳ್ಳಲು ನೋಡಿತು. 1975ರಲ್ಲಿ ವಾರಂಟಿಗಳ ಬಗ್ಗೆ ಒಂದು ಕೇಂದ್ರ ಕಾಯ್ದೆ ಬಂತು. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಕೆಟ್ಟ ಹೊಸ ಕಾರುಗಳ ವಿರುದ್ಧ ಮೊದಲ ಲೆಮನ್ ಕಾನೂನು ಮಾಡಿತು, ಬೇರೆ ರಾಜ್ಯಗಳು ಹಿಂಬಾಲಿಸಿದವು. ಅನೇಕ ರಾಜ್ಯಗಳಲ್ಲಿ ಆ ಕಾನೂನಿನ ರಕ್ಷಣೆ ಮೋಟಾರು ಇಲ್ಲದ ಟ್ರೇಲರಿಗೆ ಸಿಗುವುದಿಲ್ಲ. ನಾನು ನೋಡಲು ಹೋಗುತ್ತಿದ್ದ ವಸ್ತುವಿನ ಮಟ್ಟಿಗೆ ತಾತನ ಕಾಲವೇ ನಡೆಯುತ್ತಿತ್ತು.

ಮುಂದಿನ ವಾರಗಳಲ್ಲಿ ಐದು ಕ್ಯಾಂಪರ್ ನೋಡಿದೆ. ಕಲಿತದ್ದನ್ನು ಬೇಗ ಹೇಳಿಬಿಡುತ್ತೇನೆ. ಮಾರುವವರು ಛಾವಣಿಯನ್ನು ಪೂರ್ತಿ ಎತ್ತಿ ತೋರಿಸದಿದ್ದರೆ ಮುಂದಿನ ಮಾತೇ ಬೇಡ. ಎತ್ತುವಾಗ ತಂತಿ ಕಿರುಗುಟ್ಟಿದರೆ, ಒಂದು ಮೂಲೆ ಹಿಂದೆ ಬಿದ್ದರೆ ಖರ್ಚು ಕಾದಿದೆ. ಕ್ಯಾನ್ವಾಸಿಗೆ ಒಳಗಿನಿಂದ ಬೆಳಕು ಹಿಡಿದು ನೋಡಿದರೆ ತೂತು ನಕ್ಷತ್ರದಂತೆ ಕಾಣುತ್ತದೆ. ಟೈರಿನ ಪಕ್ಕೆಯಲ್ಲಿ ಡಿ.ಒ.ಟಿ. ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷ. ಚರಂಡಿಯಂತೆ ಕಾಣುವ ಸವೆತ ಇಲ್ಲದಿದ್ದರೂ ವಯಸ್ಸಾದ ಟೈರನ್ನು ನಂಬಬಾರದು, ನಿಂತಲ್ಲೇ ಹಳತಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಒದ್ದೆ ಕ್ಯಾನ್ವಾಸನ್ನು ಹಾಗೇ ಮಡಚಿಟ್ಟವರು ಯಾರು ಎಂದು ಮೂಗು ಹೇಳುತ್ತದೆ.

ಐದನೆಯದು ಒಬ್ಬ ನಿವೃತ್ತ ಶಾಲಾ ಮೇಷ್ಟ್ರದು. 2006ರ ಮಾಡೆಲ್. 4,200 ಡಾಲರ್. ನಾನು ಒಳಗೆ ಹೋಗುವ ಮೊದಲೇ ಅವರು, "ಹಿಂದಿನ ಎಡ ಮೂಲೆಯಲ್ಲಿ ತೇಪೆ ಇದೆ, ಮೊದಲು ಅದನ್ನು ನೋಡಿ" ಎಂದರು. ನೋಡಿದೆ. ಹಲಗೆಯ ಒಂದು ತುಂಡು ಬದಲಾಗಿತ್ತು, ಗಟ್ಟಿಯಾಗಿತ್ತು. ಆಮೇಲೆ ಬೆಂಚಿನ ಕೆಳಗಿನಿಂದ ಸುರುಳಿ ತಂತಿಯ ಒಂದು ನೋಟ್‌ಬುಕ್ ತೆಗೆದು ಕೊಟ್ಟರು.

ಸಾಲುಗಳು ಚಿಕ್ಕವು. ಎಲ್ಲಿ ತಂಗಿದ್ದು, ಎಷ್ಟು ರಾತ್ರಿ, ಮಳೆ ಬಂತೋ ಇಲ್ಲವೋ, ಮನೆಗೆ ಬಂದ ಮೇಲೆ ಎಷ್ಟು ದಿನ ಬಿಚ್ಚಿಟ್ಟು ಒಣಗಿಸಿದ್ದು, ಚಕ್ರದ ಬೇರಿಂಗಿಗೆ ಗ್ರೀಸ್ ತುಂಬಿದ್ದು. 2014ರ ಜುಲೈ: ಹಿಂದಿನ ಎಡಮೂಲೆಯಲ್ಲಿ ನೀರು. 2019ರ ಆಗಸ್ಟ್: ಎರಡೂ ಟೈರು ಹೊಸತು. ನಾನು ಹೊರಗೆ ಹೋಗಿ ಟೈರು ನೋಡಿದೆ. 2219 ಎಂದಿತ್ತು, ಎಂದರೆ 2019ರ 22ನೇ ವಾರ. ಎರಡೂ ತಾಳೆಯಾಯಿತು.

ನಾಜಿಗಳು 1944ರಲ್ಲಿ ಗುಂಡಿಟ್ಟು ಕೊಂದ ಫ್ರೆಂಚ್ ಚರಿತ್ರಕಾರ ಮಾರ್ಕ್ ಬ್ಲಾಕ್ ತಮ್ಮ ಅಪೂರ್ಣ ಪುಸ್ತಕದಲ್ಲಿ ಸಾಕ್ಷಿಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ನಮಗೆ ಹೇಳಬೇಕೆಂದೇ ಬರೆದಿಟ್ಟವು ಒಂದು ಬಗೆ. ತಮಗೇ ಗೊತ್ತಿಲ್ಲದೆ ಸಾಕ್ಷಿಯಾದವು ಇನ್ನೊಂದು. ಕರಪತ್ರ ಮೊದಲನೆಯದು. ಟೈರಿನ ಅಂಕಿ, ಹಲಗೆಯ ಮೆದು, ಮುಗ್ಗಲು ವಾಸನೆ, ಈ ನೋಟ್‌ಬುಕ್ ಎರಡನೆಯದು. ಇದನ್ನು ಓದುವ ಗಿರಾಕಿಯೊಬ್ಬಳು ಹುಟ್ಟಿ ಬರುತ್ತಾಳೆಂದು 2007ರಲ್ಲಿ ಯಾರೂ ಎಣಿಸಿರಲಿಲ್ಲ. ನೋಟ್‌ಬುಕ್ಕನ್ನೂ ನಕಲು ಮಾಡಬಹುದು, ನಿಜ. ಆದರೆ ಹದಿನೈದು ವರ್ಷದ ಹತ್ತಾರು ಬೇರೆ ಬೇರೆ ಪೆನ್ನುಗಳನ್ನು, ಸೊಳ್ಳೆ ಸತ್ತಂಟಿದ ಹಾಳೆಯನ್ನು ನಕಲು ಮಾಡುವಷ್ಟು ಲಾಭ 4,200 ಡಾಲರಿನಲ್ಲಿ ಇರಲಾರದು.

2021ರಲ್ಲಿ ಅಕ್ಷರ ಬದಲಾಗಿತ್ತು. ದುಂಡಗಿನ ಅಕ್ಷರ ನಿಂತು, ಬಾಗಿದ ದೊಡ್ಡ ಅಕ್ಷರ ಶುರುವಾಗಿತ್ತು. ಅದರಲ್ಲಿ ಮೂರೇ ನಮೂದು. ಮೂರೂ ಗ್ರೀಸಿನದು, ಒಣಗಿಸಿದ್ದು. ತಂಗಿದ್ದು ಒಂದೂ ಇಲ್ಲ. ನಾನು ತಲೆ ಎತ್ತಿದೆ. "ಬರೆಯುತ್ತಿದ್ದದ್ದು ನನ್ನ ಹೆಂಡತಿ" ಎಂದರು. ಚೌಕಾಸಿ ಮಾಡಲು ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಅವರೇ 200 ಡಾಲರ್ ಕಮ್ಮಿ ಮಾಡಿದರು, ಟೈರು ಈ ವರ್ಷ ಬದಲಿಸಲೇಬೇಕು ಎಂದು.

ಹಳೆಯದೇ ಸರಿ ಎಂದು ಎಲ್ಲರಿಗೂ ಹೇಳಲಾರೆ. ಬೆರಳಿಟ್ಟು ನೋಡಲು ಪುರುಸೊತ್ತಿಲ್ಲದವರು, ಕೆಟ್ಟರೆ ಬಿಚ್ಚಿ ರಿಪೇರಿ ಮಾಡಲು ಜಾಗವಿಲ್ಲದವರು ಹೊಸದಕ್ಕೆ ಹೋಗುವುದು ತಪ್ಪಲ್ಲ. ನನಗೂ ಟೈರು, ಬೇರಿಂಗು, ಒಂದು ಹರಿದ ಜಿಪ್ಪು ಸೇರಿ 400 ಡಾಲರ್ ಚಿಲ್ಲರೆ ಖರ್ಚು ಬಂತು.

ಜೂನಿನಲ್ಲಿ ಅಪ್ಪ ಅಮ್ಮ ಬಂದರು. ಅಮ್ಮ ಮೊದಲು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ನಿಮಿಷ ಬಿಟ್ಟು ಹೊರಗೆ ಬಂದು, "ಪರವಾಗಿಲ್ಲ" ಎಂದಳು. ಚಕ್ರಗಳ ಕೆಳಗೆ ಎರಡು ನಿಂಬೆಹಣ್ಣು ಇಡಿಸಿದಳು. ಅಮೆರಿಕದಲ್ಲಿ ಇದರ ಅರ್ಥವೇ ಬೇರೆ ಎಂದು ನಾನು ಹೇಳಹೋಗಲಿಲ್ಲ. ಮ್ಯಾಕಿನಾ ಸೇತುವೆ ದಾಟಿ ಮೇಲಿನ ಪರ್ಯಾಯದ್ವೀಪಕ್ಕೆ ಹೋದೆವು. ಟಕ್ವಾಮೆನನ್ ಜಲಪಾತದ ನೀರು ಜವುಗಿನ ಮರಗಳ ಒಗರು ಇಳಿದು ಕಂದು ಬಣ್ಣಕ್ಕಿರುತ್ತದೆ. ಅಪ್ಪ ಬಹಳ ಹೊತ್ತು ನೋಡಿ, "ಡಿಕಾಕ್ಷನ್ ಇದ್ದಂಗೈತೆ" ಎಂದರು.

ಮೊದಲ ರಾತ್ರಿ ಮಳೆ ಬಂತು. ಮೂವರೂ ಎಚ್ಚರವಾಗಿ ಕ್ಯಾನ್ವಾಸಿನ ಮೇಲೆ ಬೀಳುವ ಸದ್ದು ಕೇಳುತ್ತಿದ್ದೆವು. ಅಮ್ಮ ಕೈಚಾಚಿ ಮೂಲೆ ಮೂಲೆ ಮುಟ್ಟಿ ನೋಡಿದಳು. ಬೆಳಿಗ್ಗೆ ನಾನು ನೋಟ್‌ಬುಕ್ ತೆಗೆದು, ಬಾಗಿದ ಅಕ್ಷರದ ಕೆಳಗೆ ಒಂದು ಸಾಲು ಬಿಟ್ಟು ತಾರೀಖು, ಜಾಗ, ಮಳೆ ಎಂದು ಕನ್ನಡದಲ್ಲಿ ಬರೆದೆ. ಬಾಗಿಲ ಮೇಲೆ ಎರಡು ಹನಿ ಒಳಗೆ ಬಂದದ್ದನ್ನೂ ಬರೆದೆ. ಆಮೇಲೆ ನನ್ನ ನಂತರ ಇದನ್ನು ಕೊಳ್ಳುವವರ ನೆನಪಾಗಿ, ಅದರ ಕೆಳಗೇ ಇಂಗ್ಲಿಷಿನಲ್ಲೂ ಬರೆದಿಟ್ಟೆ.